ಗೋಣು ಆಡಿಸುವ ಜೋಡೆತ್ತು

ಹದಿನೆಂಟು ವರ್ಷ ಲೆಕ್ಕ ಬರೆದ ಕೈಗೆ ಕೊನೆಗೆ ದಕ್ಕಿದ್ದು ಅರ್ಧ ಸಾಲು. ಇದೇ ಈರಪ್ಪನ ಹೊಟ್ಟೆಯುರಿ.

ಕುಂದಗೋಳದ ‘ಹೊಳೆಪ್ಪ ಬ್ರದರ್ಸ್’ ಆಟಿಕೆ ಕಂಪನಿಗೆ ೧೯೮೬ರಲ್ಲಿ ಇಪ್ಪತ್ತೈದು ತುಂಬುವುದಿತ್ತು. ಬೆಳ್ಳಿಹಬ್ಬಕ್ಕೆ ಕಂಪನಿಯ ಚರಿತ್ರೆ ಬರೆಯುವ ಕೆಲಸ ಹಿರಿಯ ಗುಮಾಸ್ತನಾದ ಅವನ ಪಾಲಿಗೆ ಬಂತು. ದನದ ಕೊಟ್ಟಿಗೆಯಲ್ಲಿ ಹುಟ್ಟಿದ ಕಂಪನಿ ಮುಂಬಯಿ, ಮದ್ರಾಸಿನ ಅಂಗಡಿಗಳನ್ನು ಹೊಕ್ಕ ಕತೆಯನ್ನು ಅವನು ಎಂಬತ್ತು ಪುಟ ಬರೆದ. ಅಷ್ಟೂ ಪುಟಗಳಲ್ಲಿ ಅವನ ಹೆಸರಿಗೆ ಸಿಕ್ಕಿದ ಜಾಗ ಒಂದೇ: ‘ಗುಮಾಸ್ತರು, ಈರಪ್ಪ ಮತ್ತು ಇತರರು.’ ಇತರರ ಜೊತೆ ತನ್ನನ್ನು ಕಟ್ಟಿಹಾಕಿದ ಆ ‘ಮತ್ತು’ವನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಂಪನಿ ನಿಂತಿದ್ದೇ ಒಂದು ಆಟಿಕೆಯ ಮೇಲೆ. ಕಟ್ಟಿಗೆಯ ಜೋಡೆತ್ತು, ದಾರ ಹಿಡಿದು ಎಳೆದರೆ ಒಂದಾದ ಮೇಲೊಂದು ಗೋಣು ಆಡಿಸುತ್ತ ನಡೆಯುತ್ತವೆ. ಮೊದಲ ಜೋಡಿಯನ್ನು ಕೆತ್ತಿದವರು ಯಾರೆಂದು ಯಾವ ಕಾಗದದಲ್ಲೂ ಇರಲಿಲ್ಲ. ಕಂಪನಿ ಕಟ್ಟಿದ ಹೊಳೆಪ್ಪ ತೀರಿಕೊಂಡಿದ್ದರು. ಈಗಿನ ಮಾಲೀಕರು ಅವರ ತಮ್ಮ ಶಂಭುಲಿಂಗಪ್ಪ. ಎತ್ತು ಕೆತ್ತಿದ ಕಾಲಕ್ಕೆ ಅವರು ಮುಂಬಯಿಯಲ್ಲಿದ್ದರು.

“ಕೆತ್ತಿದವರ ಹೆಸರು ಹುಡುಕಲೇ ಈರಪ್ಪ,” ಎಂದರು ಶಂಭುಲಿಂಗಪ್ಪ. “ಪ್ರತಿ ಡಬ್ಬಿ ಮ್ಯಾಲೆ ಅದನ್ನ ಹಾಕೂಣು. ಅವರ ಮನಿಯವ್ರಿಗೆ ಡೈರೆಕ್ಟರ್ ಕುರ್ಚಿ ಕೊಡೂಣು. ಆದ್ರ ಬಾಯಿಮಾತು ಬ್ಯಾಡ, ಕಾಗದದ ಪುರಾವೆ ಬೇಕು.”

ಈರಪ್ಪ ಹುಡುಕಬೇಕಾದ್ದೇನೂ ಇರಲಿಲ್ಲ. ಕೆತ್ತಿದ್ದು ಕಾರ್ಖಾನೆಯ ಕೂಲಿಯಾಳು ಲಕ್ಷ್ಮಣಪ್ಪ ಎಂದು ಹೊಳೆಪ್ಪನವರೇ ಒಮ್ಮೆ ಅವನೆದುರು ಹೇಳಿದ್ದರು. ಲಕ್ಷ್ಮಣಪ್ಪ ಸತ್ತು ಐದು ವರ್ಷ. ಅವನ ಹೆಂಡತಿ ಹನಮವ್ವ ಸುದ್ದಿ ಕೇಳಿ ಕುಬಿಹಾಳದಿಂದ ನಡೆದುಕೊಂಡೇ ಆಫೀಸಿಗೆ ಬಂದಳು.

“ಕುರ್ಚಿ ತೊಗೊಂಡು ನಾ ಏನ್ ಮಾಡ್ಲಿರಿ? ಡಬ್ಬಿ ಮ್ಯಾಲೆ ನಮ್ಮ ಮನಿಯವರ ಹೆಸರು ಬಂದ್ರ ಸಾಕು.”

“ಕಾಗದ ಐತೇನಬೇ?”

“ಅವರು ಕಟಗಿ ಕೆತ್ತಿದ್ರು ಯಪ್ಪಾ. ಕಾಗದ ಎಲ್ಲಿಂದ ತರ್ಲಿ?”

ಈರಪ್ಪ ಅಯ್ಯೋ ಪಾಪ ಎಂಬ ಮುಖ ಮಾಡಿ, ಚಹಾ ಕುಡಿಸಿ ಕಳಿಸಿದ. ಅವಳು ಗೇಟು ದಾಟುವ ಮೊದಲೇ ಆ ಕುರ್ಚಿಯಲ್ಲಿ ತಾನು ಕಾಲ ಮೇಲೆ ಕಾಲು ಹಾಕಿ ಕೂತಿರುವುದು ಅವನ ಕಣ್ಣಿಗೆ ಕಂಡಾಗಿತ್ತು.

ಅವನ ತಂದೆ ಮುದಕಪ್ಪ ಕುಬಿಹಾಳದ ಒಕ್ಕಲಿಗ, ಹೊಳೆಪ್ಪನವರ ಗೆಳೆಯ. ಮಳೆ ಬಿದ್ದ ದಿನ, ಬಿತ್ತಿದ ದಿನ ವರ್ಷಕ್ಕೊಂದು ಪಟ್ಟಿ ಪುಸ್ತಕದಲ್ಲಿ ಬರೆದಿಡುವ ಹವ್ಯಾಸ ಅವರಿಗಿತ್ತು. ೧೯೬೧ರ ಪಟ್ಟಿಯಲ್ಲಿ ಜೂನ್ ತಿಂಗಳ ಪುಟಗಳು ಖಾಲಿ ಉಳಿದಿದ್ದವು. ಕಾಗದವೇ ಅಸಲಿ ಇರುವಾಗ ಇನ್ನು ಭಯವೇನು? ಈರಪ್ಪ ಅಪ್ಪನ ಅಕ್ಷರವನ್ನು ಎರಡು ತಿಂಗಳು ತಿದ್ದಿದ. ‘ಕ’ದ ಬಾಲ ಉದ್ದ, ‘ತ’ ಸ್ವಲ್ಪ ಬಗ್ಗಿದ್ದು. ಶಾಯಿಯಲ್ಲಿ ಅದ್ದಿ ಬರೆಯುವ ಹಳೆಯ ಟಾಕು ಹುಡುಕಿ ತಂದ, ಶಾಯಿಪುಡಿ ಕಲಸಿದ. ಹಳೆಯ ಪತ್ರಿಕೆ ತೆಗೆಸಿ ಆ ವಾರ ಮಳೆ ಎಷ್ಟಾಗಿತ್ತೆಂದು ನೋಡಿದ. ಹಳೆಯ ಪಂಚಾಂಗದಲ್ಲಿ ಹನ್ನೆರಡನೇ ತಾರೀಖು ಸೋಮವಾರ ಎಂದಿತ್ತು. ಶಿವನ ವಾರ, ಪ್ರತಿ ಸೋಮವಾರ ಒಪ್ಪತ್ತು ಮಾಡುವ ಅವನು ಕಣ್ಣಿಗೊತ್ತಿಕೊಂಡು ಅದನ್ನೇ ಆರಿಸಿದ.

ಬರೆದ ಮೇಲೆ ಪಟ್ಟಿಯನ್ನು ಜೋಳದ ಚೀಲದೊಳಗೆ ಒಂದು ತಿಂಗಳು ಹುಗಿದಿಟ್ಟ; ಹಳೆಯ ವಾಸನೆ ಬಂತು. ಹಿತ್ತಲಿನಲ್ಲಿ ಗೆದ್ದಲಿಗೂ ಒಂದು ಮೂಲೆ ತಿನ್ನಿಸಿದ. ಹಾಳು ಗೆದ್ದಲು ಮೇಯುತ್ತ ತಾರೀಖಿನವರೆಗೂ ಬಂದಿದ್ದವು, ಅಷ್ಟರಲ್ಲಿ ಓಡಿಬಂದು ಝಾಡಿಸಿದ. ಇಂಥ ಕಾಗದವನ್ನು ಸುಪ್ರೀಂ ಕೋರ್ಟೂ ತಲೆಬಾಗಿ ಒಪ್ಪಬೇಕು ಎಂದು ಅವನಿಗೆ ತನ್ನ ಬಗ್ಗೆಯೇ ಗೌರವ ಹುಟ್ಟಿತು.

ಶಂಭುಲಿಂಗಪ್ಪನವರ ಕಣ್ಣಿಗೆ ಪೊರೆ ಬಂದಿತ್ತು. ಪುಟವನ್ನು ಮೂಸಿ, ಗೆದ್ದಲು ತಿಂದ ಮೂಲೆ ಮುಟ್ಟಿ ನೋಡಿ, “ಅಗದಿ ಖರೇ ಐತಿ,” ಎಂದುಬಿಟ್ಟರು. ಪುಟದ ಫೋಟೋ ಸಮೇತ ಚರಿತ್ರೆಯ ಸಾವಿರ ಪ್ರತಿ ಅಚ್ಚಾಯಿತು. ಆದರೂ ಹನಮವ್ವನ ಬಾಯಿ ಊರೆದುರೇ ಮುಚ್ಚಬೇಕೆಂದು ಈರಪ್ಪನಿಗೆ ಅನಿಸಿತು. ತಾನೇ ಹೋಗಿ ಅವಳನ್ನು ಕರೆದ, ಬೆಳ್ಳಿಹಬ್ಬದ ದಿನ ಮುಂದಿನ ಸಾಲಿನಲ್ಲೇ ಕೂರಿಸಿದ. ಅವಳ ಬಾಜು ಕುಬಿಹಾಳದ ಹಿರಿಯರು, ಈರಪ್ಪನ ಬೀಗರು, ಮಠದ ಅಯ್ಯನವರು ಕೂತಿದ್ದರು.

ಕಾರ್ಖಾನೆಯ ಅಂಗಳದಲ್ಲಿ ಮೈಕಿನ ಮುಂದೆ ನಿಂತು ಅವನು ಗದ್ಗದಿತನಾಗಿ ಓದಿದ. “ತಾರೀಖು ಹನ್ನೆರಡು, ಜೂನ್, ಸೋಮವಾರ. ಮುಂಜಾನೆ ಎತ್ತು ಹೂಡಿ ಹಳ್ಳದ ಹೊಲದಲ್ಲಿ ಕುಂಟೆ ಹೊಡೆದೆ. ನೊಗದಡಿ ಎರಡೂ ಗೋಣು ಆಡಿಸುವ ಚಂದ ನೋಡಿ, ಸಂಜೆ ಬೇವಿನ ತುಂಡಿನಲ್ಲಿ ಹಾಗೆಯೇ ಕೆತ್ತಿ ಹೊಳೆಪ್ಪನವರಿಗೆ ಕೊಟ್ಟೆ.”

ಹಿಂದಿನಿಂದ ಚಪ್ಪಾಳೆ ಬಿತ್ತು. ಮುಂದಿನ ಸಾಲು ಮಾತ್ರ ಕೈ ಅಲ್ಲಾಡಿಸಲಿಲ್ಲ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರಿಗೆ ದುಃಖ ಉಕ್ಕಿ ಬಂದಿದೆ ಎಂದುಕೊಂಡ ಈರಪ್ಪ.

ಹನಮವ್ವ ಎದ್ದು ನಿಂತಳು. “ಈರಪ್ಪಾರ, ವಾರ ಇನ್ನೊಮ್ಮಿ ಓದ್ರಿ.”

“ಸೋಮವಾರ,” ಎಂದ ಈರಪ್ಪ ಧಾರಾಳವಾಗಿ.

“ಮುದಕಪ್ಪ ಕಾಕಾ ದೇವರಂಥಾ ಮನಷ್ಯಾ. ಸೋಮಾರ ದಿನಾ ಬಸವಣ್ಣನ ಹೆಗಲಿಗೆ ನೊಗಾ ಇಟ್ಟಿದ್ರೇನ್ರಿ?”

ಸೋಮವಾರ ಎತ್ತಿಗೆ ಬಿಡುವು. ಹೊಲ ಹದ ತಪ್ಪಿದರೂ ಆ ಸೀಮೆಯ ಒಕ್ಕಲಿಗ ಅಂದು ಎತ್ತು ಹೂಡುವುದಿಲ್ಲ. ಚಿಕ್ಕಂದಿನಲ್ಲೇ ಶಾಲೆಗೆಂದು ಊರು ಬಿಟ್ಟು, ಹೊಲವನ್ನು ಪಾಲಿಗೆ ಹಾಕಿ ಕೂತ ಈರಪ್ಪನಿಗೆ ಸೋಮವಾರವೆಂದರೆ ಗುಡಿ, ವಿಭೂತಿ, ಒಪ್ಪತ್ತು ಇಷ್ಟೇ ಆಗಿತ್ತು. ಹೌದೆಂದರೆ ಬೀಗರೆದುರು, ಅಯ್ಯನವರೆದುರು ಅಪ್ಪ ಬಸವಣ್ಣನನ್ನು ದುಡಿಸಿದ ಪಾಪಿಯಾಗುತ್ತಾನೆ. ಇಲ್ಲವೆಂದರೆ ಸಾವಿರ ಪ್ರತಿ ಸುಳ್ಳಾಗುತ್ತವೆ. “ಹೇಳಲೇ, ಸುಳ್ಳು ನಿಮ್ಮಪ್ಪಂದೋ, ಕಾಗದದ್ದೋ?” ಎಂದರು ಶಂಭುಲಿಂಗಪ್ಪ. ಈರಪ್ಪ ಬಾಯಿ ತೆರೆದ. ಪಿಸುಗುಟ್ಟಿದ್ದನ್ನೇ ಮೈಕು ಊರಿಗೆಲ್ಲ ಕೇಳಿಸಿತು: “ನಮ್ಮಪ್ಪ ನೊಗಾ ಇಟ್ಟಿಲ್ಲಬೇ. ಕೆತ್ತಿದವರು ನಿಮ್ಮ ಮನಿಯವರು. ಕಾಗದದಾಗ ಈ ಎತ್ತು ಹೂಡಿದಾಂವ ನಾ.”