ತಿದ್ದುಪಡಿ ಮೇಡಂ

ಹೊಲಿಗೆ ಯಂತ್ರ ರಿಪೇರಿಯವನನ್ನು ಕುಡಿತದ ಸುದ್ದಿ ಎತ್ತದೆ ಪರಿಚಯ ಮಾಡಿಕೊಡುವವರು ಒಬ್ಬರೂ ಇರಲಿಲ್ಲ. ಅವನು ಕುಡಿತ ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಸ್ವಂತ ಸೋದರಮಾವನೇ ಇನ್ನೂ ‘ನಮ್ಮ ಕುಡುಕ’ ಎನ್ನುತ್ತಿದ್ದ.

ಚಿಕಿತ್ಸೆ ಪಡೆದ ಕೇಂದ್ರದಲ್ಲೇ ಈಗ ಅವನು ಹೊಲಿಗೆ ತರಗತಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿನ ಟೈಪಿಸ್ಟ್‌ಗೆ ಆ ವರ್ಷ ಒಂದೇ ಕೆಲಸ: ಹಳೆಯ ಫೈಲುಗಳಲ್ಲಿ ‘ಕುಡುಕ’ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ‘ಕುಡಿತದ ಸಮಸ್ಯೆಯಿಂದ ಚೇತರಿಸಿಕೊಳ್ಳುತ್ತಿರುವ ವ್ಯಕ್ತಿ’ ಎಂದು ಬರೆಯುವುದು. ಮೊದಲು ಮನುಷ್ಯ, ಆಮೇಲೆ ಕಾಯಿಲೆ ಎಂಬುದು ಡಾಕ್ಟರ್ ಹಾಕಿದ ನಿಯಮ. ಅವನು ಅವಳಿಗೆ ‘ತಿದ್ದುಪಡಿ ಮೇಡಂ’ ಎಂದು ಹೆಸರಿಟ್ಟ.

ಯಂತ್ರಕ್ಕೆ ದಾರದ ಬಾಬಿನ್ ಸಿಕ್ಕಿಸುತ್ತ ಬಾಗಿಲಾಚೆಯ ಅವಳ ಮೇಜಿನ ಕಡೆ ನೋಡುತ್ತಿದ್ದ. ಅವಳು ತಲೆಯೆತ್ತಿದರೆ ಎಣ್ಣೆ ಡಬ್ಬಿಯ ಮೇಲಿನ ಬರಹ ಓದತೊಡಗುತ್ತಿದ್ದ. ಒಂದು ದಿನ ಅವಳೇ, ಅಕ್ಕನ ಯಂತ್ರ ದಾರ ಕಡಿಯುತ್ತಿದೆ, ಭಾನುವಾರ ಊಟಕ್ಕೇ ಬನ್ನಿ ಎಂದು ಕರೆದಳು.

ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ.

“ಯಾರೇ ಇವರು?” ಎಂದಳು ಅಕ್ಕ.

ಅವಳಿಗೆ ನೂರಾರು ಸಲ ಬರೆದ ಸಾಲೇ ಬಾಯಿಗೆ ಬಂತು. “ಕುಡಿತದ ಸಮಸ್ಯೆಯಿಂದ ಚೇತರಿಸಿಕೊಳ್ತಿರೋ ವ್ಯಕ್ತಿ, ಅಕ್ಕ.”

ಅಕ್ಕ ನಗುತ್ತಲೇ ಕುರ್ಚಿ ಹಾಕಿದಳು. ಆಮೇಲೆ ಶೆಲ್ಫಿನ ಮೇಲಿದ್ದ ಕೆಮ್ಮಿನ ಔಷಧಿಯ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಒಳಗೆ ಒಯ್ದಳು. ಅವನು ಅದನ್ನು ನೋಡಿದ. ಯಂತ್ರ ಬಿಚ್ಚಿದ, ಏನೂ ಕೆಟ್ಟಿಲ್ಲ ಎಂದು ಮುಚ್ಚಿದ, ಊಟಕ್ಕೆ ನಿಲ್ಲದೆ ಹೋದ.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಆಡಿದ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಳು. ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಂಬತ್ತು ದಿನ ಅವನು ಬಾಗಿಲ ಕಡೆ ನೋಡಲಿಲ್ಲ. ಹತ್ತನೆಯ ದಿನ ಅವಳೇ ಹೊಲಿಗೆ ಕೋಣೆಗೆ ಹೋದಳು.

“ನಾನು ಮರ್ಯಾದೆಯಾಗೇ ಹೇಳಿದ್ದೆನಲ್ಲ.”

“ಹೌದು. ಆದರೆ ಅದನ್ನ ಅಲ್ಲಿ ಹೇಳೋದೇ ಬೇಕಿರಲಿಲ್ಲ. ಹೇಳೋದಿದ್ರೆ ನಾನೇ ಹೇಳ್ತಿದ್ದೆ.”

“ಮತ್ತೇನು ಹೇಳಬೇಕಿತ್ತು? ರಿಪೇರಿಯವರು ಅಂತಾನಾ?”

“ಅಷ್ಟಾದ್ರೂ ಸಾಕಿತ್ತು.” ಅವನು ಸೂಜಿಯ ತಿರುಪು ಬಿಗಿ ಮಾಡಿದ. “ಇಷ್ಟ ಆಗಿರೋರು ಅಂತೀರೇನೋ ಅಂದ್ಕೊಂಡಿದ್ದೆ.”

“ಇಷ್ಟ ಆಗಿದ್ದಕ್ಕೇ ತಾನೆ ಕರೆದಿದ್ದು. ಕೆಡದೇ ಇರೋ ಯಂತ್ರ ತೋರಿಸೋಕೆ ಯಾರಾದ್ರೂ ಕರೀತಾರಾ?”

ಈ ಸಲ ಅವನು ಎಣ್ಣೆ ಡಬ್ಬಿ ಓದಲಿಲ್ಲ, ಅವಳನ್ನೇ ನೋಡಿದ. ತುಂಬ ಹೊತ್ತು ನೋಡಿದ. ಬೇರೆ ಊರಿನ ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸಕ್ಕೆ ಒಪ್ಪಿಕೊಂಡಾಗಿದೆ, ಸೋಮವಾರ ಸೇರಬೇಕು, ಅಲ್ಲಿ ತನ್ನ ಹಿಂದಿನದು ಯಾರಿಗೂ ಗೊತ್ತಿಲ್ಲ ಎಂದ. ಅವಳು ಬಾಯಿ ತೆರೆದದ್ದನ್ನು ಕಂಡು, “ಕುಡಿಯಲ್ಲ, ಹೆದರಬೇಡಿ,” ಎಂದ.

ಅವಳು ಕೇಳಲು ಹೊರಟದ್ದು ಅದಲ್ಲ. ಏನೆಂಬುದು ಅವಳಿಗೂ ಸ್ಪಷ್ಟವಿರಲಿಲ್ಲ.

ಕುಡಿಯದೆ ಕಳೆದ ದಿನಗಳ ಲೆಕ್ಕದಲ್ಲಿ ಅವನು ಒಂದು ದಿನವನ್ನೂ ಕಳೆದುಕೊಳ್ಳಲಿಲ್ಲ. ಅವಳು ಕಳೆದುಕೊಂಡದ್ದು ಒಂದು ಊಟ, ಹತ್ತು ದಿನ, ಒಬ್ಬ ಮನುಷ್ಯ.