ಬಂಡೆಮನೆಯ ಆರು ಜಾಕಿ

ನವೆಂಬರ್ 20, ಗುರುವಾರ, ಅಮಾವಾಸ್ಯೆ. ಮಧ್ಯಾಹ್ನ 1.20ಕ್ಕೆ ಮೊಳಕಾಲ್ಮೂರು ಠಾಣೆಯ ಮೆಟ್ಟಿಲು ಹತ್ತಿದ ಸಿದ್ದಲಿಂಗೇಶನ ಅಂಗಿಯ ತುಂಬ ಸಿಮೆಂಟಿನ ಧೂಳು, ಒಂದು ತೋಳಿನ ಮೇಲೆ ರಕ್ತ. ರಕ್ತ ಅವನದಲ್ಲ.

ಕೊಂಡ್ಲಹಳ್ಳಿಯ ಶಾಂತವೀರಪ್ಪನವರ ಕಿರಿಯ ಮಗ ಅವನು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲು ನಡೆಸಿಕೊಂಡು ಅಲ್ಲೇ ಇದ್ದ. ಸಿದ್ದಾಪುರದ ಗುಡ್ಡದ ಓರೆಯಲ್ಲಿ ಕಟ್ಟಿಸುತ್ತಿದ್ದ ಹೊಸ ಮನೆಯ ಮುಂಜಗಲಿಯ ಮೋಲ್ಡ್, ಅಂದರೆ ಕಾಂಕ್ರೀಟಿನ ಚಪ್ಪಡಿ, ಆ ದಿನ ಕುಸಿದಿತ್ತು. ಕಾಂಕ್ರೀಟಿಗೆ ನೀರು ಹೊಡೆಯಲು ಬಂದಿದ್ದ ಕೂಲಿ ಹೆಂಗಸು ಮೂಗಮ್ಮನ ಕಾಲು ಅದರಡಿ ಸಿಕ್ಕಿತ್ತು. ಊರಿನವರು ಹಾರೆ ಕೊಟ್ಟು ಎತ್ತಿದ್ದರು; ಫೋನ್ ಬಂದು ಓಡಿಬಂದ ಸಿದ್ದಲಿಂಗೇಶ ಅವಳನ್ನು ಗಾಡಿಗೆ ಹತ್ತಿಸಿ ಚಿತ್ರದುರ್ಗದ ಆಸ್ಪತ್ರೆಗೆ ಕಳಿಸಿದ್ದ.

ಸಬ್ ಇನ್‌ಸ್ಪೆಕ್ಟರ್ ಜ್ಯೋತಿಲಕ್ಷ್ಮಿ ಅವನಿಗೆ ನೀರು ಕೊಡಿಸಿ ಕೇಳಿದಳು.

"ಎಷ್ಟು ಹೊತ್ತಿಗೆ ಬಿತ್ತು?"

"ಹನ್ನೊಂದೂ ಮುಕ್ಕಾಲು ಇರ್ಬೇಕು ಮೇಡಂ."

"ಕೆಲಸದವರೆಲ್ಲ ಎಲ್ಲಿದ್ರು?"

"ಅಮಾಸೆಗೆ ಗಾರೆ ಕೆಲಸ ಯಾರು ಮಾಡ್ತಾರ್ರಿ? ಎಲ್ಲಾರಿಗೂ ರಜ. ಮೂಗಮ್ಮ ಒಬ್ಬಾಕೇನೇ ಬಂದಿದ್ದು."

"ಯಾರ ಮೇಲಾದ್ರೂ ಅನುಮಾನ ಐತಾ?"

"ಮೇಸ್ತ್ರಿ ಚಿತ್ತಪ್ಪಂದೇ ತಪ್ಪು. ಜಾಕಿ ಸರಿಯಾಗಿ ಕೊಟ್ಟಿಲ್ಲ."

ದೂರಿನಂತೆ ಮೇಸ್ತ್ರಿ ಚಿತ್ತಪ್ಪನ ಮೇಲೆ ನಿರ್ಲಕ್ಷ್ಯದ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೇಬಲ್ ಜೋಗಪ್ಪನನ್ನೂ ಇಬ್ಬರು ಪಂಚರನ್ನೂ ಜೀಪಿಗೆ ಹತ್ತಿಸಿಕೊಂಡು ಜ್ಯೋತಿಲಕ್ಷ್ಮಿ ಮೂರು ಗಂಟೆಯ ಹೊತ್ತಿಗೆ ಸ್ಥಳ ತಲುಪಿದಳು.

ಮನೆ ಹತ್ತಿರ ಹೋಗುವ ತನಕ ಕಣ್ಣಿಗೆ ಬೀಳಲಿಲ್ಲ. ಆನೆ ಗಾತ್ರದ ಎರಡು ಬಂಡೆಗಳ ನಡುವೆ, ಅದೇ ಗುಡ್ಡದ ಕಲ್ಲನ್ನೇ ಗೋಡೆ ಮಾಡಿಕೊಂಡು, ತಗ್ಗಿ ಕೂತಿತ್ತು. ಒಂದು ಬಂಡೆಯನ್ನು ಒಡೆಯದೆ ಹಾಗೇ ಪಡಸಾಲೆಯ ಒಳಗೆ ಬಿಟ್ಟುಕೊಂಡಿದ್ದರು. ಅದರ ಬೆನ್ನಿಗೆ ಸುಣ್ಣವಿಲ್ಲ, ಬಣ್ಣವಿಲ್ಲ. ಮುಂದೆ ಗೋಡೆ ಇರಬೇಕಾದಲ್ಲಿ ಬರೀ ಬಯಲು. ಆಚೆ ಕುರಿಹಟ್ಟಿ, ಕಪ್ಪು ಹೊಲ, ಅದರಾಚೆ ಜಟಿಂಗ ರಾಮೇಶ್ವರನ ಗುಡ್ಡ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಕಾಲಿಟ್ಟವರಿಗೆ ಮಡಕೆ ನೀರು ಕುಡಿದಂಥ ತಂಪು.

ಹದಿನಾಲ್ಕು ವರ್ಷದ ನೌಕರಿಯಲ್ಲಿ ಜ್ಯೋತಿಲಕ್ಷ್ಮಿ ಆರು ಕ್ವಾರ್ಟರ್ಸ್ ಕಂಡಿದ್ದಳು. ಒಂದರಲ್ಲೂ ಕಿಟಕಿ ತೆಗೆದರೆ ಎದುರಿನ ಗೋಡೆಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಇದು ಇವನಿಗ್ಯಾಕೆ ಸಿಗಬೇಕು ಎಂದು ಮನಸ್ಸು ಅಂದದ್ದು ಅವಳಿಗೇ ಕೇಳಿಸಿತು. ನಾಚಿಕೆಯೂ ಆಯಿತು. ಇಲ್ಲಿಗೆ ಬಂದ ಇನ್ನೆಷ್ಟು ಜನರಿಗೆ ಹೀಗೆ ಅನಿಸಿರಬಹುದು ಎಂದು ಯೋಚಿಸುತ್ತಲೇ ಅವಳು ಹೊರಬಂದಳು.

ಮುಂಜಗಲಿ ಕಂಬವೇ ಇಲ್ಲದೆ ಹನ್ನೊಂದು ಅಡಿ ಇಳಿಜಾರಿನ ಮೇಲೆ ಚಾಚಿಕೊಂಡಿರಬೇಕಿತ್ತು. ಈಗ ಅದು ಮೂಗು ಮುರಿದು ಕೆಳಗೆ ಬಿದ್ದಿತ್ತು. ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊತ್ತು ನಿಂತಿದ್ದ ಹದಿನಾಲ್ಕು ಕಬ್ಬಿಣದ ಜಾಕಿಗಳನ್ನು ಒಂದೊಂದಾಗಿ ಎತ್ತಿಸಿ, ನಂಬರ್ ಹಾಕಿಸಿ, ಪಂಚನಾಮೆ ಬರೆಸಿದಳು. ಎಂಟು ಜಾಕಿ ಭಾರ ತಾಳದೆ ಸೊಟ್ಟಗಾಗಿದ್ದವು. ಆರು ಮಾತ್ರ ನೆಟ್ಟಗಿದ್ದವು. ಆ ಆರರಲ್ಲೂ ಜಾಕಿ ಕೆಳಗೆ ಜಾರದಂತೆ ತೂತಿಗೆ ತೂರಿಸುವ ಪಿನ್ ಇರಲಿಲ್ಲ.

"ಭಾರ ಬಿದ್ದಿದ್ರೆ ಇವೂ ಬಾಗ್ಬೇಕಿತ್ತಲ್ಲ ಮೇಡಂ," ಎಂದ ಜೋಗಪ್ಪ.

"ಭಾರ ಬಿದ್ದೇ ಇಲ್ಲ. ಮೊದಲೇ ಯಾರೋ ಇಳಿಸಿದಾರೆ."

ಅವಳು ಒಂದನ್ನು ತಿರುಗಿಸಿ ತಿರುಪಿನ ಥ್ರೆಡ್ ನೋಡಿದಳು. ಮೋಲ್ಡ್ ಹಾಕಿದಾಗ ಸೋರಿದ ಸಿಮೆಂಟಿನ ಹಾಲು ಅದರ ಮೇಲೆ ಒಣಗಿ ಹೊಪ್ಪಳಿಕೆಯಾಗಿತ್ತು. ಆ ಹೊಪ್ಪಳಿಕೆಯ ಮೇಲೆ ಕರಿ ಎಣ್ಣೆ. ಆರಕ್ಕೂ ಹಾಗೆಯೇ, ಉಳಿದ ಎಂಟಕ್ಕೆ ಎಣ್ಣೆಯ ಹನಿಯೂ ಇಲ್ಲ. ಎಣ್ಣೆ ಬಿದ್ದದ್ದು ಮೋಲ್ಡ್ ಆದಮೇಲೆ ಎಂಬುದು ಸ್ಪಷ್ಟವಾಗಿತ್ತು.

ಸಂಜೆ ಐದಕ್ಕೆ ಚಿತ್ತಪ್ಪನನ್ನು ಠಾಣೆಗೆ ಕರೆಸಿದರು. ಅರವತ್ತು ದಾಟಿದ ಮೇಸ್ತ್ರಿ. ಕೈಕಟ್ಟಿ ನಿಂತಿದ್ದ.

"ಮೋಲ್ಡ್ ಯಾವತ್ತು ಹಾಕಿದ್ದು?"

"ಎಂಟನೇ ತಾರೀಕು. ಇವತ್ತಿಗೆ ಹನ್ನೆರಡು ದಿನ. ಇಪ್ಪತ್ತೆಂಟು ದಿನ ಜಾಕಿ ಮುಟ್ಟಬ್ಯಾಡ್ರಿ ಅಂತ ಆ ಇಂಜಿನಿಯರಮ್ಮ ಗೋಡೆ ಮ್ಯಾಲೆ ಬರೆದು ಹೋಗೈತೆ."

"ನಿಮಗೂ ಆಯಮ್ಮಗೂ ಜಗಳ ಆಗಿತ್ತಂತೆ?"

"ಆಗಿತ್ರಿ. ಕಂಬ ಇಲ್ದೆ ನಿಲ್ಲಂಗಿಲ್ಲ ಅಂದಿದ್ದೆ. ಆಯಮ್ಮ ನಕ್ಷೆ ಬಿಡಿಸಿ ತೋರ್ಸಿ ಒಪ್ಪಿಸ್ತು. ಒಪ್ಪಿದ ಮ್ಯಾಲೆ ಅದು ನನ್ ಕೆಲಸ ಅಲ್ವೇನ್ರಿ? ನನ್ ಕೈಯಾರೆ ನಾನೇ ಕೆಡವ್ತೀನಾ?"

ಜ್ಯೋತಿಲಕ್ಷ್ಮಿ ಒಂದು ಜಾಕಿಯನ್ನು ಅವನ ಮುಂದಿಟ್ಟಳು. "ಇದು ಬಿಗಿದು ಕೂತ್ರೆ ಹೆಂಗೆ ಬಿಚ್ತೀರಿ?"

"ಸುತ್ತಿಗೆ ತಗಂಡು ನಾಕು ಬಿಟ್ರೆ ಬಿಚ್ಕಂತೈತೆ."

"ಎಣ್ಣೆ?"

ಚಿತ್ತಪ್ಪ ಬೆರಳಿಂದ ಮುಟ್ಟಿ ನೋಡಿದ. ಮೂಸಿದ.

"ನಮ್ಮೋರು ಎಣ್ಣೆ ಹಾಕಲ್ರಿ. ಬಾಡಿಗೆ ಜಾಕಿ, ಥ್ರೆಡ್ ಹೋದ್ರೆ ನಮಗೇನು? ಹೊಟ್ಟೆ ಉರಿಯೋದು ಜಾಕಿ ಯಾರದೋ ಅವರಿಗೆ."

"ಇವು ಯಾರವು?"

"ಧಣಿಯೋರ ಅಣ್ಣಂದು. ವೀರೇಶಪ್ಪಂದು. ಚಳ್ಳಕೆರೆಯಾಗೆ ಸೆಂಟ್ರಿಂಗ್ ಸಾಮಾನಿನ ಗೋಡೌನ್ ಐತಲ್ರಿ. ತಮ್ಮನ ಮನೆಗೆ ಅಂತ ಹೊಸಾವೇ ಕಳಿಸಿದ್ರು."

ಮರುದಿನ ಬೆಳಿಗ್ಗೆ ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮೂಗಮ್ಮನ ಹೇಳಿಕೆ ಪಡೆದರು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ದಿನವೂ ಏಳಕ್ಕೆ ಮತ್ತು ಸಂಜೆ ನಾಲ್ಕಕ್ಕೆ ನೀರು ಹೊಡೆಯುವುದು ರೂಢಿ. ಗುರುವಾರ ಬೆಳಿಗ್ಗೆ ಕರೆಂಟ್ ಇಲ್ಲದೆ ಪಂಪು ನಡೆದಿರಲಿಲ್ಲ. ಅದಕ್ಕೇ ಹನ್ನೊಂದೂವರೆಗೆ ಮತ್ತೆ ಬಂದಿದ್ದಳು.

"ಯಾರನ್ನಾದ್ರೂ ಕಂಡ್ರಾ?"

"ಇಲ್ಲವ್ವ. ಪೈಪು ಎಳೀತಿದ್ದೆ. ಚಟ್ ಚಟ್ ಅಂತು. ಹಲ್ಲಿ ಅನ್ಕಂಡೆ."

ನೀರು ಹೊಡೆಯಲು ಅವಳು ಆ ಹೊತ್ತಿಗೆ ಬರುವುದು ಯಾರಿಗೂ ಗೊತ್ತಿರಲಿಲ್ಲ. ಅಂದರೆ ಇಳಿಸಿದವನು ಜನರ ಮೇಲೆ ಬೀಳಲೆಂದು ಇಳಿಸಿರಲಿಲ್ಲ. ಅವನ ಸಿಟ್ಟು ಮನೆಯ ಮೇಲೆ.

ನಕ್ಷೆ ಮಾಡಿದ ಇಂಜಿನಿಯರ್ ಶ್ರೀವಾಣಿ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮೊಳಕಾಲ್ಮೂರಿನ ನೇಕಾರ ರಂಗಯ್ಯನ ಮಗಳು. ಅವಳ ಕಣ್ಣು ಊದಿದ್ದವು. ಲೆಕ್ಕಾಚಾರದ ಹಾಳೆಗಳನ್ನೆಲ್ಲ ತಂದಿದ್ದಳು.

"ಆ ಮನೆಗೆ ದಿನಾ ಯಾರು ಬರ್ತಿದ್ರು?" ಎಂದು ಕೇಳಿದಳು ಜ್ಯೋತಿಲಕ್ಷ್ಮಿ.

"ನೋಡೋಕೆ ಊರೇ ಬರ್ತಿತ್ತು ಮೇಡಂ. ದಿನಾ ಅಂದ್ರೆ ತಾತ ಒಬ್ರೇ. ಸಿದ್ದಲಿಂಗೇಶ್ ಅವರ ಅಪ್ಪ."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಜೀಪು ಕೊಂಡ್ಲಹಳ್ಳಿಯಲ್ಲಿ ನಿಂತಿತು. ವೀರೇಶನ ಮನೆ ರಸ್ತೆಗೇ ಕಾಣುತ್ತಿತ್ತು: ಮೂರು ಅಂತಸ್ತು, ಮುಖದ ತುಂಬ ಹೊಳೆಯುವ ಟೈಲ್ಸು, ಸ್ಟೀಲ್ ಕಟಾಂಜನ, ನೀಲಿ ಗಾಜು. ಹಿರಿಯ ಮಗನ ಜೊತೆ ಇರುತ್ತಿದ್ದ ಶಾಂತವೀರಪ್ಪನವರು ಅದರೊಳಗಿರಲಿಲ್ಲ. ಎದುರಿನ ಬೇವಿನ ಮರದಡಿ ಹಗ್ಗದ ಮಂಚದ ಮೇಲೆ ಕೂತಿದ್ದರು.

"ಯಜಮಾನ್ರೆ, ಗುಡ್ಡದ ಮನೆಗೆ ದಿನಾ ಹೋಗ್ತಿದ್ರಂತೆ?"

"ಹೂಂ ಕಣವ್ವ. ಬುತ್ತಿ ಕಟ್ಟಿಸ್ಕಂಡು ಹೋಗ್ತಿದ್ದೆ. ಉಂಡು ಆ ಬಂಡೆಗೆ ಬೆನ್ನು ಕೊಟ್ರೆ ಸಾಕು, ನಿದ್ದೆ ತಾನಾಗೇ ಬರ್ತಿತ್ತು. ಈ ಮನೆ ಕಾವು ನಂಗಾಗಲ್ಲ."

"ಗುರುವಾರನೂ ಹೋಗಿದ್ರಾ?"

"ಇಲ್ಲ. ಬೆಳಿಗ್ಗೆನೇ ದೊಡ್ಡೋನು ಕಣ್ಣು ತೋರ್ಸ್ಕಂಡು ಬಾ ಅಂತ ಕಾರಲ್ಲಿ ಚಳ್ಳಕೆರೆಗೆ ಕಳಿಸ್ದ. ನನ್ ಕಣ್ಣಿಗೇನಾಗೈತೆ? ಅಮಾಸೆ ದಿನ ಬ್ಯಾಡ ಕಣೋ ಅಂದೆ. ಹೋಗ್ಲೇಬೇಕು ಅಂತ ಹಟ ಹಿಡ್ದ. ಡ್ರೈವರಿಗೆ ಸಂಜೆವರ್ಗೂ ಕರ್ಕಂಡು ಬರಬ್ಯಾಡ ಅಂತ..."

ಮುದುಕರು ಅಲ್ಲಿಗೇ ನಿಲ್ಲಿಸಿದರು. ಜೋಗಪ್ಪ ಬರೆಯುವುದನ್ನು ನಿಲ್ಲಿಸಿದ. ಶಾಂತವೀರಪ್ಪನವರು ಮಗಳ ವಯಸ್ಸಿನ ಆ ಅಧಿಕಾರಿಯ ಮುಖವನ್ನೇ ನೋಡಿದರು. ತಾವು ಏನು ಹೇಳಿದೆವೆಂದು ಅವರಿಗೆ ಆಗ ತಿಳಿಯಿತು. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡರು.

ವೀರೇಶನ ಫೋನ್ ವಿವರ ಅಂದು ಸಂಜೆ ಬಂತು. ಗುರುವಾರ 10.05ರಿಂದ 11.10ರ ತನಕ ಅದು ಸಿದ್ದಾಪುರದ ಟವರಿನಲ್ಲಿತ್ತು.

ಭಾನುವಾರ ಬೆಳಿಗ್ಗೆ 9.30ಕ್ಕೆ ನೋಟಿಸಿನ ಮೇಲೆ ಅವನು ಠಾಣೆಗೆ ಬಂದ. ಐವತ್ತರ ಹತ್ತಿರದ ಆಳು. ಹಣೆಯಲ್ಲಿ ವಿಭೂತಿ, ಇಸ್ತ್ರಿ ಮಾಡಿದ ಅಂಗಿ.

"ಗುರುವಾರ ಎಲ್ಲಿದ್ರಿ?"

"ಗೋಡೌನಲ್ಲಿ."

"ಫೋನು?"

"ಜೇಬಲ್ಲಿ."

"ಜೇಬು ಸಿದ್ದಾಪುರದಲ್ಲಿತ್ತಲ್ಲ."

ಅವನು ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಂಡ.

"ಅಪ್ಪನ್ನ ಯಾಕೆ ಚಳ್ಳಕೆರೆಗೆ ಕಳಿಸಿದ್ರಿ?"

"ಕಣ್ಣು ಮಂಜಾಗೈತೆ ಅಂತಿದ್ರು."

"ಅವ್ರು ಹಂಗೆ ಹೇಳ್ಲಿಲ್ಲ. ನಿನ್ನೆ ಮಾತಾಡ್ಸಿದೀನಿ."

ವೀರೇಶ ತಲೆ ಎತ್ತಿದ. "ಅವ್ರು ಹೇಳಿದ್ರಾ? ನನ್ ಮೇಲೆ?"

"ನಿಮ್ಮ ಮೇಲೆ ಅಂತ ಹೇಳ್ಲಿಲ್ಲ. ಹೇಳ್ತಾ ಹೇಳ್ತಾ ಅವ್ರಿಗೇ ಗೊತ್ತಾಯ್ತು."

ಟೈಲ್ಸಿನ ಮನೆಯ ಯಜಮಾನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಪಿನ್ನುಗಳನ್ನು ಎಸೆದ ಜಾಗ ತೋರಿಸುತ್ತೇನೆಂದ.

11.15ಕ್ಕೆ ಪಂಚರ ಸಮಕ್ಷಮ ಅವನೇ ಮುಂದೆ ನಡೆದು, ಗುಡ್ಡದ ಕೆಳಗಿನ ಜಾಲಿ ಮೆಳೆಯಿಂದ ಆರು ಪಿನ್ನುಗಳನ್ನೂ ಎಣ್ಣೆಯ ಬಾಟಲಿಯನ್ನೂ ತೆಗೆದುಕೊಟ್ಟ. ಮಧ್ಯಾಹ್ನ 12.40ಕ್ಕೆ ಬಂಧನ. ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಟ್ಟು ಸಿದ್ದಲಿಂಗೇಶನಿಗೆ ಫೋನ್ ಮಾಡಿ ತಿಳಿಸಿದರು. ಅವನು "ಅಣ್ಣನಾ?" ಎಂದಷ್ಟೇ ಕೇಳಿ ಫೋನ್ ಇಟ್ಟ. ಚಿತ್ತಪ್ಪನ ಹೆಸರು ಕೈಬಿಡಲು ವರದಿ ತಯಾರಾಯಿತು.

ಹೇಳಿಕೆ ಬರೆದುಕೊಳ್ಳುವಾಗ ಜೋಗಪ್ಪ ಕೇಳಿದ: "ತಮ್ಮನ ಮೇಲೆ ಏನು ದ್ವೇಷ?"

"ಅವನ ಮ್ಯಾಲೆ ಏನೂ ಇಲ್ಲ. ನಾನು ಮನೆ ಕಟ್ಟಿ ಒಂಬತ್ತು ವರ್ಷ ಆತು. ಇಟಲಿ ಕಲ್ಲು ಹಾಕ್ಸಿದೀನಿ. ಅಪ್ಪಂಗೆ ಅಂತ ಕೆಳಗೇ ರೂಮು, ಏಸಿ. ಒಂದಿನ ಹಗಲೊತ್ತು ಆ ರೂಮಲ್ಲಿ ಅವ್ರು ಕಣ್ಣು ಮುಚ್ಲಿಲ್ಲ. ಬೇವಿನ ಮರದಡಿ ಮಲಗೋರು. ಹೋದ ತಿಂಗಳು ಜಾಕಿ ಲೆಕ್ಕ ನೋಡೋಕಂತ ಗುಡ್ಡಕ್ಕೆ ಹೋದೆ. ಬಾಗಿಲಿಲ್ಲ, ಕಿಟಕಿ ಇಲ್ಲ, ಆ ಹಾಳು ಬಂಡೆಗೆ ಒರಗಿ ಕೂಸಿನಂಗೆ ಗೊರಕೆ ಹೊಡೀತಿದ್ರು. ಎದ್ದು, ಏನಂದ್ರು ಗೊತ್ತೇನ್ರಿ? 'ಚಿಕ್ಕೋನು ಮನೆ ಕಟ್ಟೋದು ಕಲ್ತ ಕಣೋ' ಅಂದ್ರು."

ಜೋಗಪ್ಪ ಪೆನ್ನು ಹಿಡಿದು ಜ್ಯೋತಿಲಕ್ಷ್ಮಿಯ ಕಡೆ ನೋಡಿದ.

"ಬರೀರಿ," ಎಂದಳು ಅವಳು. "ಅವ್ರು ಹೇಳಿದ್ದು ಹೇಳಿದಂಗೆ ಬರೀರಿ."

"ಜಗಲಿ ಒಂದು ಬಗ್ಗಲಿ ಸಾಕು ಅನ್ಕಂಡಿದ್ದೆ," ಎಂದ ವೀರೇಶ. "ಬಗ್ಗಿದ್ರೆ ಭಯ ಬಿದ್ದು ಅಪ್ಪ ಅತ್ಲಾಗೆ ಹೋಗಲ್ಲ ಅಂತ. ಮೂಗಮ್ಮ ಬರ್ತಾಳೆ ಅಂತ ಗೊತ್ತಿದ್ರೆ, ದೇವರಾಣೆ, ಮುಟ್ತಿರ್ಲಿಲ್ಲ."

ಮೂರು ಗಂಟೆಗೆ ಮ್ಯಾಜಿಸ್ಟ್ರೇಟರ ಮನೆಗೆ ಹಾಜರುಪಡಿಸಲು ಜೀಪು ತಯಾರಾದಾಗ ಶಾಂತವೀರಪ್ಪನವರು ಠಾಣೆಯ ಪಡಸಾಲೆಯ ಬೆಂಚಿನ ಮೇಲಿದ್ದರು. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಮಗ ಅವರ ಮುಂದೆ ಹಾದುಹೋದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಜೀಪು ಹತ್ತಿದ ಮೇಲೆ ವೀರೇಶ ತಗ್ಗಿದ ದನಿಯಲ್ಲಿ ಹೇಳಿದ: "ಬಿಸಿಲು ಜಾಸ್ತಿ ಐತ್ರಿ ಮೇಡಂ. ಅವರನ್ನ ಮನೆಗೆ ಕಳಿಸ್ರಿ."

ಜೋಗಪ್ಪ ಮುದುಕರ ಹತ್ತಿರ ಹೋಗಿ ಬಗ್ಗಿದ. "ಯಜಮಾನ್ರೆ, ಯಾವ ಮನೆಗೆ ಬಿಡ್ಲಿ?"

ಶಾಂತವೀರಪ್ಪನವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು.

"ದುರ್ಗದ ಬಸ್ಸು ಹತ್ಸಪ್ಪ," ಎಂದರು. "ಆಸ್ಪತ್ರೆಲಿರೋ ಆ ಹೆಣ್ಣುಮಗಳ ಹತ್ರ ಕೂತ್ಕಂಡು ಬರ್ತೀನಿ."