ಗುಂಡಿ ಡಬ್ಬಿ

ಏಳೇ ನಿಮಿಷ. ಬಾಳೆಸಿಪ್ಪೆ, ಒಡೆದ ಬಕೆಟ್ಟು, ಹಿತ್ತಿಲ ಬಾಗಿಲ ಬಳಿ ಬಿದ್ದಿದ್ದ ಹಳೆ ಬಟ್ಟೆಯ ಗಂಟು ಎಲ್ಲವನ್ನೂ ಸುಮಿತ್ರಾ ಅಡುಗೆಮನೆಯ ಮೂಲೆಯ ಬಿಳಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದಳು. ಕೆಳಗಿನ ನಳದಿಂದ ಒಂದಿಷ್ಟು ತಿಳಿನೀರು, ತಟ್ಟೆಗೆ ಒಂದು ಹಿಡಿ ಬೂದು ಪುಡಿ ಬಂತು. ಬೇರೆ ಊರಿನಿಂದ ನೋಡಲು ಬಂದಿದ್ದ ನಾಲ್ವರೂ ಚಪ್ಪಾಳೆ ತಟ್ಟಿದರು.

"ಕಿಣ್ವ ಅಂತ ಇರ್ತಾವ್ರಿ. ನಾವು ಉಂಡ ರೊಟ್ಟಿ ಹೊಟ್ಟ್ಯಾಗ ಕರಗೂದು ಅವುಗಳಿಂದನ. ಪ್ಲಾಸ್ಟಿಕ್ಕು, ಅರಿವಿ ಸೈತ ಹಂಗ ಕರಗಿಸೂ ಕಿಣ್ವ ಇದರಾಗ ಐತಿ," ಎಂದು ಅವಳು ವಿವರಿಸಿದಳು.

2058ರ ಹೊತ್ತಿಗೆ ಹುಬ್ಬಳ್ಳಿಯ ಅರ್ಧ ಮನೆಗಳಲ್ಲಿ ಡಾ. ಸುಮಿತ್ರಾ ಹೂಗಾರಳ ಕರಗುಪೆಟ್ಟಿಗೆ ಇತ್ತು. ಅದರ ದೊಡ್ಡಣ್ಣನಂಥ ಯಂತ್ರಗಳು ಊರಾಚೆಯ ಕಸದ ಗುಡ್ಡವನ್ನೇ ತಿಂದು ಮುಗಿಸಿದ್ದವು. ಅವಳಿಗೆ ಬೇಕಾಗಿದ್ದದ್ದೂ ಅದೇ. ಹದಿನಾಲ್ಕು ವರ್ಷದ ಹಿಂದೆ, ಕಸದ ಗಾಡಿ ಓಡಿಸುತ್ತಿದ್ದ ಅವಳ ತಮ್ಮ ವೀರೇಶ ಆ ಗುಡ್ಡ ಕುಸಿದು ಅದರಡಿ ಸತ್ತಿದ್ದ. ಗುಡ್ಡದ ಹೆಸರಿಲ್ಲದಂತೆ ಮಾಡುತ್ತೇನೆಂದು ಅಂದೇ ಪಣ ತೊಟ್ಟಿದ್ದಳು.

ಅವ್ವ ಶಂಕ್ರವ್ವ ಮಾತ್ರ ಪೆಟ್ಟಿಗೆಯ ಕಡೆ ಸುಳಿಯುತ್ತಿರಲಿಲ್ಲ. ಹಾಲಿನ ಪಾಕೀಟನ್ನು ತೊಳೆದು ಗೋಡೆಗೆ ಅಂಟಿಸಿ ಒಣಗಿಸುವಳು, ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಸುರಿಯುವಳು. ಹಳೆ ಅಂಗಿಯ ಗುಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿಕೊಳ್ಳದೆ ಆ ಅಂಗಿಯನ್ನು ಇನ್ನೊಂದಕ್ಕೆ ಬಳಸಿದವಳೇ ಅಲ್ಲ. ಮುದುಕಿಯ ಗೀಳು ಎಂದು ಮಗಳು ನಗುತ್ತಿದ್ದಳು.

ಬಂದವರು ಹೋದ ಮೇಲೆ ಶಂಕ್ರವ್ವ ಪಕ್ಕದ ಮನೆಯಿಂದ ನೂಲಿನ ಉಂಡೆ ಇಸಿದುಕೊಂಡು ಬಂದಳು.

"ಸುಮಿ, ಇಲ್ಲೊಂದು ಗಂಟು ಇಟ್ಟಿದ್ನಲ್ಲ?"

"ಹಳೇ ಅರಿವಿ ಗಂಟಾ? ಪೆಟ್ಟಿಗ್ಯಾಗ ಹಾಕಿದೆ. ಯಾಕ ಬೇ?"

ಶಂಕ್ರವ್ವ ಹೊಸ್ತಿಲ ಮೇಲೇ ಕೂತಳು. "ವೀರೇಶನ ಅಂಗಿ ಇದ್ವು ಅದರಾಗ. ಇಷ್ಟ ವರ್ಷ ಕತ್ತರಿ ಹಚ್ಚಾಕ ಮನಸ್ಸ ಬಂದಿದ್ದಿಲ್ಲ. ನಿನಗ ಹೊದಿಯಾಕೊಂದು ಕೌದಿ ಹೊಲದ ಕೊಡೂಣು ಅಂತ ನಿನ್ನೆ ಕಟ್ಟಿ ಇಟ್ಟಿದ್ದೆ. ಒಂದ ಸಲ ಬಿಚ್ಚಿ ನೋಡಬಾರದಿತ್ತೇನವ್ವಾ?"

ಬಿಚ್ಚಿ ನೋಡಿರಲಿಲ್ಲ. ಆ ಊರಿನಲ್ಲಿ ಈಗ ಯಾರೂ ಗಂಟು ಬಿಚ್ಚುತ್ತಿರಲಿಲ್ಲ, ಎಸೆಯುವ ಅಂಗಿಯ ಜೇಬು ತಡವುತ್ತಿರಲಿಲ್ಲ. ಕೈಗಳಿಗೆ ಆ ಕೆಲಸ ಮರೆತೇಹೋಗಿತ್ತು, ಮರೆಸಿದವಳು ತಾನೇ. ಗುಡ್ಡ ನುಂಗಿದ ತಮ್ಮನಲ್ಲಿ ಉಳಿದಷ್ಟನ್ನು ತನ್ನ ಪೆಟ್ಟಿಗೆ ನುಂಗಿತ್ತು. ಸುಮಿತ್ರಾ ಬೂದು ಪುಡಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಶಂಕ್ರವ್ವ ಎದ್ದು, ಡಬ್ಬಿ ತಂದು ಹುಡುಕಿ, ಆರು ಖಾಕಿ ಗುಂಡಿಗಳನ್ನು ಮಗಳ ಅಂಗೈಯಲ್ಲಿಟ್ಟಳು.

"ಇವು ಅವನವು. ನಿನ್ನೆ ಬಿಡಿಸಿದ್ದೆ."

ಒಂದರ ತೂತಿನಲ್ಲಿ ದಾರದ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಹಚ್ಚಲು ಅಂಗಿ ಇರಲಿಲ್ಲ.

ಮುಂದಿನ ಪೆಟ್ಟಿಗೆಗಳಲ್ಲಿ ಸುಮಿತ್ರಾ ಒಂದು ಬದಲಾವಣೆ ಮಾಡಿದಳು. ಹಾಕಿದ್ದು ಕರಗುವ ಮೊದಲು ಇಡೀ ದಿನ ಹಾಗೇ ಇರುತ್ತಿತ್ತು, ಬೇಕೆನಿಸಿದವರು ತೆಗೆದುಕೊಳ್ಳಲಿ ಎಂದು. ಇಷ್ಟು ನಿಧಾನ ಯಾರಿಗೆ ಬೇಕು ಎಂದು ಗೊಣಗಿದ ಜನ ಬೇರೆಯವರ ಪೆಟ್ಟಿಗೆ ಕೊಂಡರು.

ಇದು 2058ರ ಮಾತು; ಅಂಥ ಪೆಟ್ಟಿಗೆ ನಮ್ಮ ಮನೆಗಳಿಗೆ ಇನ್ನೂ ಬಂದಿಲ್ಲ. ಅಟ್ಟದ ಮೇಲೆ ಒಂದು ಗಂಟು ಇದೆ, ಅದರಲ್ಲಿ ಯಾರ ಅಂಗಿ ಇದೆಯೆಂದು ಬಲ್ಲವರು ಕೆಳಗೆ ಅಡುಗೆಮನೆಯಲ್ಲಿ ಇನ್ನೂ ಇದ್ದಾರೆ. ಕಸದ ಗಾಡಿ ಬೀದಿಯ ತಿರುವಿಗೆ ಬಂದಿದೆ.